ಅಫೀಮಿನ ರಿಜಿಸ್ಟರಿನಿಂದ ನಾಲಿಗೆಯಡಿಯ ಮಾತ್ರೆಯವರೆಗೆ

ಕೋಲಾರದ ಕಡೆ ವ್ಯಸನಮುಕ್ತಿ ಎಂದರೆ ಜನರಿಗೆ ನೆನಪಾಗುವುದು ಕುಡಿತ. ಹೀಗಾಗಿ ಬ್ರೌನ್ ಶುಗರ್‌ಗೋ ನೋವಿನ ಮಾತ್ರೆಗೋ ಬಿದ್ದ ಹುಡುಗನನ್ನೂ ಕುಡುಕರ ದಾರಿಗೇ ಹಚ್ಚುತ್ತಾರೆ: ಒಂದಷ್ಟು ದಿನ ಕೂಡಿಹಾಕಿ, ಬುದ್ಧಿ ಹೇಳಿ, ಆಣೆ ಮಾಡಿಸಿ ಕಳಿಸುವುದು. ಬ್ಯೂಪ್ರನಾರ್ಫಿನ್ ಎಂಬ ಮಾತ್ರೆ ಬರೆದರೆ, ‘ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸ್ತೀರಾ ಡಾಕ್ಟ್ರೇ?’ ಎಂದು ಕೇಳುವವರು ಮನೆಯವರಷ್ಟೇ ಅಲ್ಲ, ಓದಿದ ವೈದ್ಯರೂ ಇದ್ದಾರೆ. ಈ ಚಿಕಿತ್ಸೆ ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಇಬ್ಬರಿಗೂ ಒಳ್ಳೆಯದು.

ಹಳೆಯದನ್ನು ಬೇಗ ಮುಗಿಸಬಹುದು. ಅಫೀಮು ತಿನ್ನುವವರನ್ನು ಸರ್ಕಾರವೇ ರಿಜಿಸ್ಟರಿನಲ್ಲಿ ಬರೆದುಕೊಂಡು ಅಳೆದು ಕೊಡುತ್ತಿದ್ದ ಕಾಲವಿತ್ತು. ಹತ್ತು ವರ್ಷದಲ್ಲಿ, ಅಂದರೆ 1959ರೊಳಗೆ, ಅದನ್ನು ನಿಲ್ಲಿಸಬೇಕೆಂದು 1949ರಲ್ಲಿ ತೀರ್ಮಾನವಾಯಿತು. 1960ರ ದಶಕದ ನಡುವೆ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಹೆರಾಯಿನ್ ವ್ಯಸನಿಗಳಿಗೆ ದಿನವೂ ಮೆಥಡೋನ್ ಎಂಬ ಔಷಧಿ ಕೊಟ್ಟು, ಅವರು ಕೆಲಸಕ್ಕೆ, ಓದಿಗೆ ಮರಳುವುದನ್ನು ತೋರಿಸಿದರು. ನಮ್ಮ ದೇಶದಲ್ಲಿ ಬ್ರೌನ್ ಶುಗರ್ ಎಂಬ ಕಚ್ಚಾ ಹೆರಾಯಿನ್ ಹರಡಿದ್ದು 80ರ ದಶಕದಲ್ಲಿ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ ಶಿಕ್ಷೆಯನ್ನು ಬಿಗಿಗೊಳಿಸಿತು. ಚಿಕಿತ್ಸೆ ಹಿಂದೆಯೇ ಕುಂಟುತ್ತ ಬಂತು.

ನಿಜವಾದ ಬದಲಾವಣೆ ಆಗಿದ್ದು 90ರ ದಶಕದಲ್ಲಿ, ನಮ್ಮ ತಲೆಮಾರಿನ ಕಣ್ಣೆದುರು. ದೆಹಲಿಯಲ್ಲಿ ಏಮ್ಸ್‌ನವರು ಬ್ಯೂಪ್ರನಾರ್ಫಿನ್ ಬಳಸತೊಡಗಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1991ರಲ್ಲಿ ವ್ಯಸನಮುಕ್ತಿ ಘಟಕ ಶುರುವಾಯಿತು, ಡಾ. ಪ್ರತಿಮಾ ಮೂರ್ತಿ, ಡಾ. ವಿವೇಕ್ ಬೆನೆಗಲ್ ಅವರಂಥವರು ಬೆಳೆಸಿದ ಆ ಘಟಕವೇ ಇಂದಿನ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್. ವ್ಯಸನವನ್ನು ನಡತೆಗೇಡಿತನವೆಂದು ನೋಡದೆ ಮತ್ತೆ ಮತ್ತೆ ಮರುಕಳಿಸುವ ಕಾಯಿಲೆಯೆಂದು ನೋಡುವುದು, ಮನೆಯವರನ್ನು ಜೊತೆಗೆ ಕೂರಿಸಿ ಮಾತಾಡುವುದು, ಆಗುವಷ್ಟನ್ನು ಹೊರರೋಗಿ ವಿಭಾಗದಲ್ಲೇ ಮಾಡುವುದು, ಇವು ಆ ಪರಂಪರೆ ಕಲಿಸಿದ ಪಾಠಗಳು. ಮುಂದೆ ಡಾ. ಪ್ರಭಾತ್ ಚಾಂದ್ ಮತ್ತು ಸಂಗಡಿಗರು ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಮೂಲಕ ಅದೇ ಪಾಠವನ್ನು ಜಿಲ್ಲೆಗಳ ವೈದ್ಯರ ಕಂಪ್ಯೂಟರ್ ಪರದೆಗೆ ತಂದರು. ನನ್ನ ಮಟ್ಟಿಗೆ, ಹೊಸ ಕಟ್ಟಡಗಳಿಗಿಂತ ಇದು ದೊಡ್ಡ ಕೆಲಸ.

ಈ ಮಾತ್ರೆ ಕೆಲಸ ಮಾಡುವ ರೀತಿ ಸರಳ. ಹೆರಾಯಿನ್ ಅಂಟಿಕೊಳ್ಳುವ ಮಿದುಳಿನ ಗ್ರಾಹಕಕ್ಕೇ ಬ್ಯೂಪ್ರನಾರ್ಫಿನ್ ಅಂಟುತ್ತದೆ, ಆದರೆ ಅರೆಬರೆಯಾಗಿ ಮಾತ್ರ ಕೆಲಸ ಮಾಡುತ್ತದೆ. ಅಮಲು ಏರುವುದಿಲ್ಲ, ಮೈಕೈ ನೋವು, ಭೇದಿ, ನಿದ್ದೆಗೆಟ್ಟ ರಾತ್ರಿ ಇವೂ ಬರುವುದಿಲ್ಲ. ನಾಲಿಗೆಯಡಿ ಇಟ್ಟು ಕರಗಿಸಬೇಕು. ಜೊತೆಗೆ ಸೇರಿಸುವ ನಾಲೊಕ್ಸೋನ್, ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳಲು ಹೊರಟವನಿಗೆ ಹಿಂಸೆ ಕೊಟ್ಟು ತಡೆಯುತ್ತದೆ.

ಚಟ ಬದಲಾಯಿತು ಅಷ್ಟೇ ಎನ್ನುವವರು ಸಾವಿನ ಲೆಕ್ಕ ನೋಡಲಿ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೆಥಡೋನ್ ಪಡೆಯುತ್ತಿದ್ದಾಗ ವರ್ಷಕ್ಕೆ ಸಾವಿರಕ್ಕೆ 11.3 ಸಾವು, ಬಿಟ್ಟ ಮೇಲೆ 36.1. ಬ್ಯೂಪ್ರನಾರ್ಫಿನ್‌ನಲ್ಲಿ 4.3 ಇದ್ದದ್ದು 9.5ಕ್ಕೆ ಏರುತ್ತದೆ. ಕೆಲವು ವಾರ ಕೂಡಿಹಾಕಿ ಕಳಿಸಿದವನ ಮೈ ಹಳೆಯ ಡೋಸನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಬಂದು ಅಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳನ್ನು ಕುಡಿತದಿಂದ ಉಳಿಸಿವೆ, ಆ ಗೌರವ ಅವಕ್ಕೆ ಸಲ್ಲಬೇಕು. ಆದರೆ ಹೆರಾಯಿನ್, ಅಫೀಮಿನಂಥ ಓಪಿಯಾಯ್ಡ್‌ಗೆ ಶಿಬಿರವೊಂದೇ ಸಾಲದು.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಈ ಚಿಕಿತ್ಸೆಯನ್ನು 2007-08ರ ಹೊತ್ತಿಗೆ ಕೈಗೆತ್ತಿಕೊಂಡದ್ದು ಎಚ್‌ಐವಿ ತಡೆಗಾಗಿ, ಸೂಜಿ ಚುಚ್ಚಿಕೊಳ್ಳುವವರಿಗಾಗಿ. ಆ ಉದ್ದೇಶ ಸರಿಯೇ. ಆದರೆ ಮಾತ್ರೆ ನುಂಗುವವನು ಅದರ ಹೊರಗೆ ಉಳಿದ. 2012ರಲ್ಲಿ ಮೆಥಡೋನ್ ಬಂತು. ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿ ಅಗತ್ಯ ಮಾದಕ ಔಷಧಿಗಳೆಂಬ ವರ್ಗವನ್ನು ತಂದಿತು, ಮುಂದೆ ಮೆಥಡೋನ್ ಆ ಪಟ್ಟಿಗೆ ಸೇರಿತು. ಪಂಜಾಬ್ 2017ರಿಂದ ಈ ಚಿಕಿತ್ಸೆಗೆಂದೇ ಹೊರರೋಗಿ ಕ್ಲಿನಿಕ್‌ಗಳನ್ನೇ ತೆರೆಯಿತು. 2018ರಲ್ಲಿ ನೋವಿನ ಮಾತ್ರೆ ಟ್ರಮಡಾಲ್ ಎನ್‌ಡಿಪಿಎಸ್ ವ್ಯಾಪ್ತಿಗೆ ಬಂದ ಮೇಲೆ ಅದೇ ಬಗೆಯ ಟಪೆಂಟಡಾಲ್ ದುರ್ಬಳಕೆ ನಮ್ಮ ಕ್ಲಿನಿಕ್‌ಗಳಲ್ಲಿ ಕಾಣತೊಡಗಿತು: ಒಂದು ಬಾಗಿಲು ಮುಚ್ಚಿದರೆ ವ್ಯಸನ ವಾಸಿಯಾಗುವುದಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯಂತೆ ಓಪಿಯಾಯ್ಡ್ ಸಮಸ್ಯೆಗೆ ನೆರವು ಬೇಕಾದವರು ಸುಮಾರು 77 ಲಕ್ಷ.

ನಮ್ಮ ಜಿಲ್ಲೆಗೆ ಬರೋಣ. ಮುಳಬಾಗಿಲಿನಿಂದ ನಿಮ್ಹಾನ್ಸ್‌ಗೆ ನೂರು ಕಿಲೋಮೀಟರ್ ಆಸುಪಾಸು. ಮಾವಿನ ತೋಟದಲ್ಲಿ ಕೂಲಿ ಮಾಡುವ ಶ್ರೀನಿವಾಸಪುರದವನು, ಮಾಲೂರಿನ ಕಾರ್ಖಾನೆಯಲ್ಲಿ ಪಾಳಿ ದುಡಿಯುವವನು ಒಂದು ದಿನದ ಸಂಬಳ ಬಿಟ್ಟು ಬೆಂಗಳೂರಿಗೆ ಎಷ್ಟು ಸಲ ಹೋಗಿಬರಬಲ್ಲ? ಚಿಕಿತ್ಸೆ ತಪ್ಪುವುದು ಮನಸ್ಸಿನ ದೌರ್ಬಲ್ಯದಿಂದ ಮಾತ್ರವಲ್ಲ, ಬಸ್ ಚಾರ್ಜಿನಿಂದಲೂ. 2020ರ ಲಾಕ್‌ಡೌನ್‌ನಲ್ಲಿ ಮಾತ್ರೆಯನ್ನು ಮನೆಗೆ ಕೊಟ್ಟುಕಳಿಸಲು ಅನುಮತಿ ಸಿಕ್ಕಿತು. ಆ ಅನುಭವದಿಂದ ಕಲಿಯುವುದು ಬಹಳವಿದೆ.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿ 2014ರಲ್ಲೇ ಆರಂಭವಾಗಿದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆ ಶುರುಮಾಡಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಂಗಳವಾರದ ಕ್ಲಿನಿಕ್‌ನಲ್ಲಿ ಮುಂದುವರಿಸುವುದು ಆಗದ ಕೆಲಸವಲ್ಲ. ತರಬೇತಿ ಪಡೆದ ನರ್ಸ್, ಬೀಗವಿರುವ ಬೀರು, ಸರಿಯಾದ ದಾಸ್ತಾನು ಲೆಕ್ಕ, ತಪ್ಪದ ಸರಬರಾಜು ಇದ್ದರೆ ಸಾಕು. ಆರೋಗ್ಯ ಇಲಾಖೆ ಈ ನಾಲ್ಕನ್ನು ಕೊಡಲಿ. ಮನೆಯಲ್ಲಿ ಇಂಥ ಕಷ್ಟವಿರುವವರು ಅಲ್ಲಿಯವರೆಗೆ ಕಾಯಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ವೈದ್ಯರನ್ನು ಕಾಣಿ, ಮಾತ್ರೆ ಶುರುವಾದ ಮೇಲೆ ನೆಂಟರಿಷ್ಟರ ಮಾತು ಕೇಳಿ ನಿಲ್ಲಿಸಬೇಡಿ.