ಖಗೋಳ ಛಾಯಾಗ್ರಹಣ: ಆರಂಭದ ಸಲಕರಣೆ

ರಾತ್ರಿಯಾಕಾಶದ ಚಿತ್ರ ತೆಗೆಯಲು ಹೊರಟವರು ಮೊದಲು ದೊಡ್ಡ ದೂರದರ್ಶಕವನ್ನೇ ಹುಡುಕುತ್ತಾರೆ. ಆದರೆ ಚಿತ್ರದ ಹಣೆಬರಹ ಬರೆಯುವುದು ಹೆಚ್ಚಾಗಿ ಅದನ್ನು ಹೊತ್ತು ಆಕಾಶದ ಚಲನೆಗೆ ತಕ್ಕಂತೆ ತಿರುಗಿಸುವ ಮೌಂಟ್. ಭೂಮಿ ತಿರುಗುವುದರಿಂದ ಖಗೋಳ ವಿಷುವದ್ವೃತ್ತದ ಬಳಿಯ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತವೆ. 4 ಮೈಕ್ರಾನ್ ಪಿಕ್ಸೆಲ್‌ಗಳ ಸೆನ್ಸರ್ ಮೇಲೆ 50 ಮಿ.ಮೀ. ಲೆನ್ಸ್‌ನಲ್ಲಿ ಇದು ಹೆಚ್ಚುಕಡಿಮೆ ಒಂದು ಪಿಕ್ಸೆಲ್, 1000 ಮಿ.ಮೀ. ಸಂಗಮದೂರದ ದೂರದರ್ಶಕದಲ್ಲಿ ಸುಮಾರು 18. ಹೀಗಾಗಿ ಟ್ರೈಪಾಡ್ ಮೇಲಿನ ಲೆನ್ಸ್ ಕೆಲವು ಸೆಕೆಂಡು ತಾಳಿಕೊಂಡರೆ, ದೂರದರ್ಶಕದಲ್ಲಿ ಚುಕ್ಕಿ ಕ್ಷಣದಲ್ಲೇ ಗೆರೆಯಾಗುತ್ತದೆ. 1880ರಲ್ಲಿ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯ ಮೊದಲ ಛಾಯಾಚಿತ್ರ ಪಡೆದದ್ದು 51 ನಿಮಿಷಗಳ ಎಕ್ಸ್‌ಪೋಷರ್‌ನಿಂದ. ಅಷ್ಟು ಹೊತ್ತು ದೂರದರ್ಶಕ ಆಕಾಶವನ್ನು ಹಿಂಬಾಲಿಸದಿದ್ದರೆ ಅದು ಆಗುತ್ತಿರಲಿಲ್ಲ.

ನೂರಾರು ಚಿಕ್ಕ ಎಕ್ಸ್‌ಪೋಷರ್‌ಗಳನ್ನು ಕಂಪ್ಯೂಟರ್‌ನಲ್ಲಿ ಒಟ್ಟುಗೂಡಿಸಬಹುದಲ್ಲ ಎಂಬ ಆಕ್ಷೇಪಕ್ಕೆ ಅರ್ಧ ಬೆಲೆ ಕೊಡಬೇಕು. ಚಂದ್ರ, ಗುರು, ಶನಿ ಪ್ರಕಾಶಮಾನವಾದ್ದರಿಂದ ಅಲ್ಲಿ ಆ ಉಪಾಯ ಫಲಿಸುತ್ತದೆ. ಗ್ರಹಗಳ ಒಳ್ಳೆಯ ಚಿತ್ರಗಳು ಹುಟ್ಟುವುದೇ ವಿಡಿಯೊದಿಂದ. ಮಸುಕಾದ ನೀಹಾರಿಕೆಗಳಲ್ಲಿ ಮಾತ್ರ ಪ್ರತಿ ಫ್ರೇಮೂ ಸೆನ್ಸರ್‌ನ ಗದ್ದಲವನ್ನು ಸೇರಿಸುತ್ತಾ ಹೋಗುವುದರಿಂದ, ತೀರಾ ಕಿರಿದಾದ ಎಕ್ಸ್‌ಪೋಷರ್‌ಗಳಲ್ಲಿ ಬೆಳಕೇ ಅದರಡಿ ಹೂತುಹೋಗುತ್ತದೆ. ಒಳ್ಳೆಯ ಮೌಂಟ್ ದುಬಾರಿ ಎಂಬುದೂ ನಿಜ. ಆದರೆ ಕ್ಯಾಮೆರಾ, ಲೆನ್ಸ್ ಮಾತ್ರ ಹೊರುವ ಪುಟ್ಟ ಟ್ರ್ಯಾಕರ್ ಅದಕ್ಕಿಂತ ಅಗ್ಗ. ಅದರ ಅಕ್ಷವನ್ನು ಧ್ರುವದತ್ತ ಹೊಂದಿಸಬೇಕು. ಬೆಂಗಳೂರಿನಲ್ಲಿ ಧ್ರುವನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲಿರುವುದರಿಂದ ಉತ್ತರಕ್ಕೆ ಮರ, ಕಟ್ಟಡಗಳಿಲ್ಲದ ಬಯಲು ಬೇಕಾಗುತ್ತದೆ.