ರಜೆಗೂ ಒಂದು ರಾಜಿ

ದಾವಣಗೆರೆಯಲ್ಲಿ ‘ರಜೆ’ ಅನ್ನುವವರು ಕಡಿಮೆ, ನಾಲಿಗೆಗೆ ಬರುವುದು ‘ರಜಾ’. ಸರ್ಕಾರಿ ನೌಕರರಿಗೆ ರಜಾ ‘ಐತೆ’. ಶಾಲೆ ಮಕ್ಕಳಿಗೆ ರಜಾ ‘ಕೊಟ್ಟಾರೆ’. ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕಾಯಂ ಆದವನು ರಜಾ ‘ಹಾಕ್ತಾನೆ’. ಅವನ ಪಕ್ಕದ ಮಷೀನಿನಲ್ಲಿ ದಿನಗೂಲಿಗೆ ದುಡಿಯುವವನು ರಜಾ ‘ಮಾಡ್ತಾನೆ’, ಅಂದರೆ ಆ ದಿನದ ಹಾಜರಿ ಹೋಯಿತು ಅಂತಲೇ ಲೆಕ್ಕ. ನಾಮಪದ ಒಂದೇ, ಆದರೆ ಜೊತೆಗಿರುವ ಕ್ರಿಯಾಪದ ಕೇಳಿಸಿಕೊಂಡರೆ ಆಸಾಮಿಯ ನೌಕರಿ ಎಂಥದು ಅಂತ ಗೊತ್ತಾಗಿಬಿಡುತ್ತದೆ.

ಪದ ನಮ್ಮ ಹಿತ್ತಲಿನದಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ, ಮರಾಠಿಗಳ ಕಚೇರಿಗಳನ್ನು ಹಾದು ಕನ್ನಡಕ್ಕೆ ಬಂತು. ಮೂಲದಲ್ಲಿ ಅದರ ಅರ್ಥ ಬಿಡುವು ಅಲ್ಲ, ಒಪ್ಪಿಗೆ. ಅದೇ ಬೇರಿನಿಂದ ‘ರಾಜಿ’ ಬಂತು, ‘ರಾಜೀನಾಮೆ’ಯೂ ಬಂತು. ನಮ್ಮೂರ ಓಣಿಗಳಲ್ಲಿ ಕೂಗಿ ಕರೆಯುವ ‘ರಿಜ್ವಾನ್’ ಎಂಬ ಹೆಸರೂ ಅದೇ ಮನೆತನದ್ದು. ಹಿಂದೆ ರಜೆ ಕೇಳುವುದೆಂದರೆ, ‘ನಾನು ಹೊರಡಲು ತಾವು ಒಪ್ಪಬೇಕು’ ಎಂದು ಕೈಕಟ್ಟಿ ನಿಲ್ಲುವುದು. ಶಾಲೆಯ ಮಟ್ಟಿಗೆ ಆ ಅರ್ಥ ಸವೆದುಹೋಗಿದೆ. ಕಾರ್ಖಾನೆಯ ಗೇಟಿನ ಒಳಗೆ ಇನ್ನೂ ಗಟ್ಟಿಯಾಗಿದೆ.

ಈಸ್ಟರ್ ಬಂದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಪಂಚಾಂಗದ ದೃಷ್ಟಿಯಲ್ಲಿ ಅದು ಚಂದ್ರನನ್ನು ನಂಬಿದ ಹಬ್ಬ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್, ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೇ. ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ನಡೆದುಕೊಳ್ಳುವವರಿಗೆ ಅದು ಪಾಸ್ಕ ಹಬ್ಬ. ಶುಕ್ರವಾರ ಉಪವಾಸ, ಶಿಲುಬೆಯ ಹಾದಿ, ಭಾನುವಾರ ಸಂಭ್ರಮ. ಉಳಿದವರ ಬಾಯಲ್ಲಿ ಅದಕ್ಕೆ ‘ಸಾಲು ರಜೆ’ ಎಂಬ ಇನ್ನೊಂದು ಹೆಸರು. 2023ರಲ್ಲಿ ನಡುವಿನ ಶನಿವಾರ ಎರಡನೆಯದಾಗಿ, ಸರ್ಕಾರಿ ನೌಕರರಿಗೆ ಮೂರೂ ದಿನ ತಾನಾಗಿ ಕೂಡಿಬಂತು. 2025ರಲ್ಲಿ ಅದು ಮೂರನೇ ಶನಿವಾರ. ಅವರೂ ಒಂದು ದಿನ ‘ಹಾಕ’ಬೇಕಾಯಿತು.

ಕರೂರಿನಲ್ಲಿ ಲೆಕ್ಕ ಬೇರೆ. ಈ ಮೂರು ದಿನಗಳಲ್ಲಿ ಅಲ್ಲಿ ಖಾತ್ರಿಯೆಂದರೆ ವಾರದ ರಜೆಯೊಂದೇ. ಅದೂ ಸುಮ್ಮನೆ ಬಂದದ್ದಲ್ಲ. ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ನಾರಾಯಣ ಮೇಘಾಜಿ ಲೋಖಂಡೆ ಹೋರಾಡಿ 1890ರಲ್ಲಿ ಭಾನುವಾರವನ್ನು ಗಿಟ್ಟಿಸಿಕೊಟ್ಟರು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲೂ ಅದು ಬರಹದಲ್ಲಿತ್ತು. ಭಾನುವಾರ ದುಡಿಸಿಕೊಂಡರೆ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿ ರಜೆ ಕೊಡಬೇಕಿತ್ತು. ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ ಸಿಗುತ್ತಿತ್ತು, ಅದಕ್ಕೆ 15 ದಿನ ಮೊದಲೇ ಅರ್ಜಿ ಹಾಕಬೇಕಿತ್ತು. ಕೊನೆಗೆ ಎಲ್ಲವೂ ಒಂದು ರಜಾ ಚೀಟಿಗೆ ಬಂದು ನಿಲ್ಲುತ್ತದೆ. ಹೆಸರು, ಟೋಕನ್ ನಂಬರು, ‘ಇಂಥ ದಿನದಿಂದ ಇಂಥ ದಿನದವರೆಗೆ’, ಕೆಳಗೆ ‘ಕಾರಣ’. ಆ ಗೆರೆಯ ಮೇಲೆ ‘ಮನೆ ಕೆಲಸ’ ಇರುತ್ತದೆ, ‘ಜ್ವರ’ ಇರುತ್ತದೆ, ಊರ ಹಬ್ಬವಿರುತ್ತದೆ. ‘ಸಮುದ್ರ ನೋಡಲು’ ಎಂದು ಬರೆದ ಚೀಟಿಯನ್ನು ನಾನಂತೂ ಕಂಡಿಲ್ಲ.

ಆದರೆ ಹೋಗುವುದು ಸಮುದ್ರಕ್ಕೇ. ನಮ್ಮ ಬೀದಿಯ ಕುಟುಂಬವೊಂದು ಒಂದು ಈಸ್ಟರ್‌ಗೆ ಮಲ್ಪೆಗೆ ಹೊರಟಿತು. ಮಗನಿಗೆ ಕರೂರಿನಲ್ಲಿ ಕೆಲಸ. ಮೂರು ದಿನ ಕೇಳಿದ್ದಕ್ಕೆ ಶನಿವಾರವೊಂದು ಮಂಜೂರಾಗಿತ್ತು, ಜೊತೆಗೆ ಹೇಗೂ ಇದ್ದ ಭಾನುವಾರ. ರಜೆ ಸಿಕ್ಕ ಮೇಲೆ ಮನೆಯಲ್ಲಿ ರಾಜಿ ಶುರು. ಅಜ್ಜಿಗೆ ಗೋಕರ್ಣವೇ ಆಗಬೇಕು, ಮಕ್ಕಳಿಗೆ ದೋಣಿ ಬೇಕು, ಸೊಸೆಗೆ ಒಂದು ದಿನವಾದರೂ ಒಲೆ ಹಚ್ಚದಿದ್ದರೆ ಸಾಕು. ಉಡುಪಿ ಕೃಷ್ಣನ ದರ್ಶನಕ್ಕೆ ಅಜ್ಜಿ ರಾಜಿಯಾದರು. ಸೊಸೆ ಮಾತ್ರ ಹಿಂದಿನ ರಾತ್ರಿಯೇ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಬೇಕಾಯಿತು. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುತ್ತಲೇ ನಮ್ಮ ಒಣ ಬಿಸಿಲು ಹೋಗಿ ಕರಾವಳಿಯ ಸೆಕೆ ಮೈಗಂಟಿತು.

ಕರಾವಳಿಯಲ್ಲಿ ರಜೆಗೆ ಇನ್ನೂ ಇಬ್ಬರು ಒಡೆಯರಿದ್ದಾರೆ. ಒಂದು ಮಳೆ. ಆಷಾಢದಲ್ಲಿ ಜಿಲ್ಲಾಧಿಕಾರಿಗಳ ಆದೇಶಕ್ಕಾಗಿ ಮಕ್ಕಳು ಬೆಳಗ್ಗೆಯೇ ಮೊಬೈಲ್ ಹಿಡಿದು ಕೂರುವುದು ಅಲ್ಲಿನ ವಾಡಿಕೆ. ಇನ್ನೊಂದು ಮೀನು. ಮೊಟ್ಟೆಯಿಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪತ್ರಿಕೆಗಳು ಅದನ್ನೂ ‘ಮೀನುಗಾರಿಕೆಗೆ ರಜೆ’ ಎಂದೇ ಬರೆಯುತ್ತವೆ. ಈ ರಜೆಗೆ ಮೀನುಗಾರನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ರಜೆ, ರಾಜೀನಾಮೆ ಎರಡೂ ಹೊರಡುವ ಮಾತೇ. ರಜೆಯವನು ವಾಪಸು ಬರಬೇಕು, ರಾಜೀನಾಮೆಯವನು ಬರಬೇಕಿಲ್ಲ. ಇವೆರಡಕ್ಕೂ ಸಿಗದ ಮೂರನೆಯದೊಂದು ನಮ್ಮೂರಿಗೆ ಗೊತ್ತು. ದಾವಣಗೆರೆಯ ಹತ್ತಿ ಗಿರಣಿಗಳು, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದಾಗ ಕಾರ್ಮಿಕರಿಗೆ ಸಿಕ್ಕಿದ್ದು ರಜೆಯಲ್ಲ, ಅವರು ಕೊಟ್ಟದ್ದು ರಾಜೀನಾಮೆಯೂ ಅಲ್ಲ. ‘ಮಿಲ್ಲು ಬಂದ್ ಆತು’ ಅಷ್ಟೇ.

ಮಲ್ಪೆಗೆ ಹೊರಟ ಆ ಮನೆಯ ಅಜ್ಜ ಹಳೆಯ ಗಿರಣಿಯವರು. ಮೂರು ದಿನ ಕೇಳಿದರೆ ಒಂದೇ ಕೊಟ್ಟರೆಂದು ಮಗ ದಾರಿಯುದ್ದಕ್ಕೂ ಗೊಣಗಿದ. ಅವರು ಎಲೆಯಡಿಕೆ ಮೆಲ್ಲುತ್ತ ಹೇಳಿದ್ದು ಇಷ್ಟೇ: “ಕೇಳಿದ್ರೆ ಇಲ್ಲ ಅನ್ನಾಕಾದ್ರೂ ಒಬ್ಬ ಇದಾನಲ್ಲಪ್ಪ. ನಡಿ.”