ಹಾಡಾದ ಕವಿತೆ, ಹಾಡಾಗದ ಕವಿತೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಂಥ ಊರುಗಳಲ್ಲಿ ಕಾವ್ಯವೆಂಬುದು ಬಹುಕಾಲ ಕಿವಿಯ ವಸ್ತುವಾಗಿತ್ತು. ಗಮಕಿಯ ಭಾರತವಾಚನ, ಭಜನೆಯ ಪದ, ನಾಟಕದ ಹಾಡು ಇವೆಲ್ಲ ಪುಸ್ತಕ ಬಿಚ್ಚದವನಿಗೂ ದಕ್ಕುತ್ತಿದ್ದವು. ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ರಂಗದ ಮೇಲೆ ಕರ್ನಾಟಕ ರಾಗದ ಮಗ್ಗುಲಲ್ಲೇ ಹಿಂದೂಸ್ಥಾನಿ ಮಟ್ಟು ಕುಳಿತಾಗ ಪ್ರೇಕ್ಷಕರು ತಲೆದೂಗಿದರು. ಕಲಬೆರಕೆಯ ಆಕ್ಷೇಪ ಬಲವಾದದ್ದು ಆಮೇಲೆ, ಅಚ್ಚಾದ ಹೊಸ ಕವಿತೆಗೆ ಗಾಯಕರು ಮಟ್ಟು ಹಾಕತೊಡಗಿದಾಗ.

ಆ ಕೆಲಸದ ಹಿರಿಯರು ಪಿ. ಕಾಳಿಂಗರಾಯರು. ನಾಟಕ ಕಂಪನಿಯ ಗರಡಿಯಲ್ಲಿ ಪಳಗಿದ ಕಂಠ ಅದು. ವಚನ, ದಾಸರ ಪದ, ಬೇಂದ್ರೆ, ರಾಜರತ್ನಂ, ಎಲ್ಲವೂ ಅವರಿಗೆ ಬೇಕು. ಹಿಂದೂಸ್ಥಾನಿ ಛಾಯೆಯೂ ಬೇಕು, ಪಾಶ್ಚಾತ್ಯ ವಾದ್ಯವೂ ಬೇಕು. ಶಾಸ್ತ್ರೀಯ ಸಂಗೀತದ ಅಳತೆಗೋಲಿಗೆ ಇದು ಒಗ್ಗದು ಎಂದವರ ಮಾತು ಸುಳ್ಳಲ್ಲ. ಆದರೆ ಅಳತೆಗೋಲೇ ಬೇರೆಯಾಗಬೇಕಿತ್ತು.

ಬಾನುಲಿಯ ಪಾತ್ರ ಇಲ್ಲಿ ವಿಚಿತ್ರವಾದುದು. 1952ರಲ್ಲಿ ಸಚಿವರಾದ ಬಿ. ವಿ. ಕೇಸ್ಕರರು ಚಿತ್ರಗೀತೆಗಳಿಗೆ ಕಡಿವಾಣ ಹಾಕಿದರು. ತೆರವಾದ ಜಾಗಕ್ಕೆ ಸುಗಮ ಸಂಗೀತ ಬಂತು. ಶುದ್ಧಿಯ ಹಟದಿಂದಲೇ ಮಿಶ್ರಪ್ರಕಾರವೊಂದಕ್ಕೆ ಆಸರೆ ದೊರೆಯಿತು! ಅದೇ ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊರಗಿಟ್ಟಿತ್ತೆಂಬುದನ್ನೂ ನೆನೆಯಬೇಕು.

1978ರಲ್ಲಿ 'ನಿತ್ಯೋತ್ಸವ' ಬಂತು. ಕೆ. ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಯೋಜನೆ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದದ್ದು ಇದೇ. ಟೇಪ್ ರೆಕಾರ್ಡರಿದ್ದ ಮನೆಗೆ ಕವಿ ತಾನಾಗಿಯೇ ನಡೆದುಬಂದ. ಬಾನುಲಿಯ ವೇಳೆಗಾಗಿ ಕಾಯಬೇಕಾಗಿರಲಿಲ್ಲ. ಬೇಕಾದ ಹಾಡನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಬಹುದಾಗಿತ್ತು.

ಜನ ಮೆಚ್ಚಿದರು, ಸಾಹಿತ್ಯವಲಯ ಮಾತ್ರ ಒಂದೇ ದನಿಯಲ್ಲಿ ಮಾತಾಡಲಿಲ್ಲ. ನವ್ಯರಿಗೆ ಕವಿತೆ ಒಂಟಿಯಾಗಿ ಕುಳಿತು ಓದುವ ವಸ್ತು. ವ್ಯಂಗ್ಯ, ಒಡಕು ಲಯ, ಸಾಲಿನ ನಡುವಿನ ಮೌನ, ಇವನ್ನು ತಬಲದ ನಡೆ ತುಳಿದುಬಿಡುತ್ತದೆಂಬ ಅಂಜಿಕೆ. ಪಲ್ಲವಿ ಮರುಕಳಿಸಿದಂತೆ ಕೇಳುಗ ಅರ್ಥವನ್ನು ಬಿಟ್ಟು ಮಟ್ಟನ್ನು ಹಿಡಿಯುತ್ತಾನೆಂಬ ದೂರು. ಈ ದೂರನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. 1960ರಲ್ಲಿ 'ಮನಸು ಗಾಂಧಿ ಬಜಾರು' ಬರೆದ ನಿಸಾರರನ್ನು ನಾಡು 'ನಿತ್ಯೋತ್ಸವ'ದ ಕವಿಯೆಂದೇ ಕರೆಯಿತು. 2020ರಲ್ಲಿ ಅವರು ತೀರಿಕೊಂಡಾಗಲೂ ಎಲ್ಲರ ನಾಲಗೆಗೆ ಮೊದಲು ಬಂದದ್ದು ಆ ಹೆಸರೇ. ಹಾಡಿಗೆ ಒಗ್ಗದ ಅವರ ಕವಿತೆಗಳು ಪುಸ್ತಕದಲ್ಲೇ ಉಳಿದವು. ಮಟ್ಟು ಕವಿತೆಯನ್ನು ಕೊಲ್ಲಲಿಲ್ಲ, ಒಪ್ಪೋಣ, ಆರಿಸಿತು. ಆರಿಸುವ ಅಧಿಕಾರ ವಿಮರ್ಶಕನಿಂದ ಗಾಯಕನಿಗೆ ಜಾರಿತೆಂಬುದೇ ವಿಮರ್ಶಕನ ನಿಜವಾದ ಸಂಕಟವಿದ್ದೀತು.

ಆದರೂ ವಾದದ ಇನ್ನೊಂದು ಮಗ್ಗುಲಿದೆ. 'ಕುರಿಗಳು, ಸಾರ್, ಕುರಿಗಳು' ನವ್ಯದ ಕೊಂಕಿನ ಕವಿತೆ. ಹಾಡಾದ ಮೇಲೂ ಅದರ ಕೊಂಕು ಮಾಸಲಿಲ್ಲ. ಅನಂತಸ್ವಾಮಿಯವರು ಮಾತಿನ ಏರಿಳಿತವನ್ನು ಕಾಯ್ದುಕೊಂಡು ಹಾಡಬಲ್ಲವರಾಗಿದ್ದರು. ಮಾತನ್ನು ಬಿಟ್ಟು ಬರಿಯ ಮಟ್ಟನ್ನು ಮೆರೆಸಿದ ಅನುಕರಣಕಾರರ ಪಾಪವನ್ನು ಅವರ ತಲೆಗೆ ಕಟ್ಟಬಾರದು.

2008ರಲ್ಲಿ ರಘು ದೀಕ್ಷಿತರು ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದವನ್ನು ಗಿಟಾರಿನ ಮೇಲೆ ಏರಿಸಿದಾಗ ಹಳೆಯ ಪ್ರಶ್ನೆ ಹೊಸ ಬಟ್ಟೆ ತೊಟ್ಟು ಬಂತು. ಈಗ ಕನ್ನಡದ ರ್‍ಯಾಪ್ ಹುಡುಗರ ಸರದಿ. ಅವರಲ್ಲಿ ಮಟ್ಟು ಹಿಂದೆ ಸರಿದು ಮಾತೇ ಮುಂದೆ ನಿಂತಿದೆ. ಸಾಹಿತ್ಯದ ಪುಟಗಳು ಅವರ ಸಾಲುಗಳನ್ನು ಇನ್ನೂ ಬಿಡಿಸಿ ಓದತೊಡಗಿಲ್ಲ.